ಕರಿ ಕಾಯಿ ಬಂದರೆ ಸೋಲೇ ಗತಿಯಾ?

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯ ಜಮಖಂಡಿಯವರು. ನನ್ನ ಮಗಳಿಗೆ 13 ವರ್ಷ. ನಾಲ್ಕು ವರ್ಷದಿಂದ ಚೆಸ್ ಆಡುತ್ತಿದ್ದಾಳೆ. ರೇಟಿಂಗ್ 1480. ಬಿಳಿ ಕಾಯಿ ಬಂದರೆ ಖುಷಿಯಿಂದ ಕೂರುತ್ತಾಳೆ. ಕರಿ ಬಂದರೆ ಬೋರ್ಡಿಗೆ ಹೋಗುವ ಮೊದಲೇ ಮುಖ ಸಪ್ಪಗಾಗುತ್ತದೆ. ಪೇರಿಂಗ್ (ಯಾರಿಗೆ ಯಾರು ಎದುರಾಳಿ, ಯಾವ ಬಣ್ಣ ಅನ್ನುವ ಪಟ್ಟಿ) ನೋಡಿಕೊಂಡು ಬಂದು ಅವಳಿಗೆ ಬಣ್ಣ ಹೇಳಲು ನನಗೇ ಅಳುಕು. ಎದುರಾಳಿ ಡಿ4 ಆಡಿದರೆ (ರಾಣಿಯ ಮುಂದಿನ ಪ್ಯಾದೆಯನ್ನು ಎರಡು ಮನೆ ತಳ್ಳಿದರೆ) ಅವಳು ಆಡುವುದು ಸರ್ ಹೇಳಿಕೊಟ್ಟ ಕ್ಲಾಸಿಕಲ್ ಡಿಫೆನ್ಸ್: ಡಿ5, ಇ6, ಕುದುರೆ ಎಫ್6, ಒಂಟೆ ಇ7, ಆಮೇಲೆ ಕ್ಯಾಸಲಿಂಗ್ (ರಾಜನನ್ನು ಆನೆಯ ಮರೆಗೆ ಸರಿಸುವುದು). ಬೇರೆ ಪಾಲಕರು, "ಅದು ಮುದುಕರ ಆಟರಿ, ಡ್ರಾ ಮಾಡಾಕ ಚೊಲೊ, ಗೆಲ್ಲಾಕ ಅಲ್ಲ" ಅನ್ನುತ್ತಾರೆ. ವಿಡಿಯೋಗಳಲ್ಲಿ ಎಂಟು ನಡೆಯಲ್ಲಿ ಗೆಲ್ಲುವ ಗ್ಯಾಂಬಿಟ್ (ಶುರುವಿನಲ್ಲೇ ಕಾಯಿ ಬಿಟ್ಟುಕೊಟ್ಟು ಆಡುವ ಆಟ) ತೋರಿಸುತ್ತಾರೆ. ಹೋದ ತಿಂಗಳು ವಿಜಯಪುರದ ಟೂರ್ನಮೆಂಟಿನಲ್ಲಿ ಇದೇ ಡಿಫೆನ್ಸ್ ಆಡಿ, ಕರಿ ಕಾಯಿಯಲ್ಲೇ 1620 ರೇಟಿಂಗಿನ ಹುಡುಗನನ್ನು ಸೋಲಿಸಿದಳು. ಅದು ಅದೃಷ್ಟವಾ? ಈ ಡಿಫೆನ್ಸ್ ಬದಲಿಸಬೇಕಾ? ಆ ಆಟದ ನಡೆಗಳನ್ನು ಬರೆದ ಹಾಳೆ ಮತ್ತು ಕರಿಯಲ್ಲಿ ಸೋತ ಐದು ಆಟಗಳ ಹಾಳೆ ಕಳಿಸಿದ್ದೇನೆ.

ಉತ್ತರ: ಆರೂ ಹಾಳೆಗಳನ್ನು ಬೋರ್ಡಿನ ಮೇಲೆ ಆಡಿ ನೋಡಿದೆ. ಎರಡು ಸಂಜೆ ಬೇಕಾಯಿತು. ನಿಮ್ಮ ಮಗಳ ಕೈಬರಹದಲ್ಲಿ ಸಿ ಮತ್ತು ಇ ಅಕ್ಷರ ಎರಡೂ ಒಂದೇ ಥರ ಕಾಣುತ್ತವೆ. (ಬೋರ್ಡಿನ ಉದ್ದ ಸಾಲುಗಳಿಗೆ ಎಯಿಂದ ಎಚ್, ಅಡ್ಡ ಸಾಲುಗಳಿಗೆ 1ರಿಂದ 8 ಅಂತ ಹೆಸರು.) ಆನೆ ಸಿ1ಕ್ಕೆ ಹೋಯಿತೋ ಇ1ಕ್ಕೆ ಹೋಯಿತೋ ಅಂತ ಒಂದು ಕಡೆ ಹತ್ತು ನಿಮಿಷ ತಲೆ ಕೆರೆದುಕೊಂಡೆ. ಸ್ವಲ್ಪ ಬಿಡಿಸಿ ಬರೆಯಲು ಹೇಳಿ. ನಾಳೆ ಆರ್ಬಿಟರ್ (ತೀರ್ಪುಗಾರ) ಮುಂದೆ ತಕರಾರು ಬಂದರೆ ಆ ಹಾಳೆಯೇ ಸಾಕ್ಷಿ. ಆದರೆ ಐದಾರು ನಡೆಗೊಮ್ಮೆ ಗಡಿಯಾರದಲ್ಲಿ ತನಗೆ ಎಷ್ಟು ಸಮಯ ಉಳಿದಿದೆ ಅಂತ ಅಂಚಿನಲ್ಲಿ ಬರೆದುಕೊಂಡಿದ್ದಾಳಲ್ಲ, ಅದು ಬಹಳ ಒಳ್ಳೆಯ ಅಭ್ಯಾಸ. ನನ್ನ ಕೆಲಸವನ್ನೂ ಹಗುರ ಮಾಡಿತು.

ಮೊದಲೇ ಹೇಳಿಬಿಡುತ್ತೇನೆ. ಡಿಫೆನ್ಸ್ ಬದಲಿಸಬೇಡಿ. ವಿಜಯಪುರದ ಗೆಲುವಿನಲ್ಲಿ ಅದೃಷ್ಟ ಒಂದಿಷ್ಟು ಇದೆ, ಆದರೆ ಅದು ಇರುವುದು 36ನೇ ನಡೆಯಲ್ಲಿ. ಓಪನಿಂಗ್, ಅಂದರೆ ಶುರುವಿನ ನಡೆಗಳು, ಪೂರ್ತಿ ಅವಳದೇ.

ಇನ್ನು ಹೆಸರಿನ ವಿಷಯ. 'ಕ್ಲಾಸಿಕಲ್ ಡಿಫೆನ್ಸ್' ಅನ್ನುವ ಒಂದೇ ಒಂದು ಡಿಫೆನ್ಸ್ ಇಲ್ಲ. ಫ್ರೆಂಚ್‌ನಲ್ಲಿ ಒಂದು ಕ್ಲಾಸಿಕಲ್ ಇದೆ, ಸಿಸಿಲಿಯನ್‌ನಲ್ಲಿ ಒಂದಿದೆ, ರೂಯ್ ಲೋಪೆಜ್‌ನಲ್ಲಿ ಮೂರನೇ ನಡೆಗೇ ಒಂಟೆಯನ್ನು ಸಿ5ಕ್ಕೆ ತರುವುದಕ್ಕೂ ಅದೇ ಹೆಸರು. 90 ನಿಮಿಷದ ದೊಡ್ಡ ಆಟಕ್ಕೂ ಕ್ಲಾಸಿಕಲ್ ಅಂತಲೇ ಅನ್ನುತ್ತೇವೆ. ನಿಮ್ಮ ಮಗಳು ಆಡುತ್ತಿರುವುದಕ್ಕೆ ಪುಸ್ತಕದ ಹೆಸರು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್. ಬಿಳಿ ಸಿ4ರಲ್ಲಿ ಪಾನ್ (ಪ್ಯಾದೆ) ಕೊಡಲು ಬರುತ್ತಾನೆ, ನಾವು 'ಬೇಡಪ್ಪಾ' ಅಂದು ಇ6 ಆಡಿ ನಡುಮನೆ ಗಟ್ಟಿ ಮಾಡಿಕೊಳ್ಳುತ್ತೇವೆ. ಇದನ್ನೆಲ್ಲ ಹೇಳಲು ಕಾರಣ ಇದೆ. ನೀವು ವಿಡಿಯೋದಲ್ಲಿ 'ಕ್ಲಾಸಿಕಲ್' ಅಂತ ಹುಡುಕಿದರೆ ಬೇರೆ ಬೇರೆ ಆಟಗಳು ಸಿಗುತ್ತವೆ, ಮಗು ಎಲ್ಲವನ್ನೂ ಕಲಸಿಕೊಳ್ಳುತ್ತದೆ.

ಕರಿ ಕಾಯಿಗೆ ನಷ್ಟ ಇದೆಯಾ? ಇದೆ, ಸ್ವಲ್ಪ. ದೊಡ್ಡ ಡೇಟಾಬೇಸ್‌ಗಳಲ್ಲಿ ನೂರು ಆಟ ತೆಗೆದರೆ ಬಿಳಿಗೆ 54–55 ಅಂಕ, ಕರಿಗೆ 45ರ ಆಸುಪಾಸು. ಅಷ್ಟೇ ವ್ಯತ್ಯಾಸ. ಅದೂ ಒಬ್ಬರಿಗೊಬ್ಬರು ಸರಿಸಮ ಇದ್ದಾಗಿನ ಮಾತು. ನೀವು ಬಣ್ಣ ಎಣಿಸಿದ್ದೀರಿ, ರೇಟಿಂಗ್ ಎಣಿಸಿಲ್ಲ. ಸೋತ ಐದು ಹಾಳೆಗಳಲ್ಲಿ ನಾಲ್ಕರಲ್ಲಿ ಎದುರಾಳಿ ಅವಳಿಗಿಂತ 140ಕ್ಕೂ ಜಾಸ್ತಿ ಮೇಲಿದ್ದಾರೆ. ಅಷ್ಟು ಅಂತರ ಇದ್ದರೆ ಹತ್ತು ಆಟಕ್ಕೆ ಮೂರು ಅಂಕ ಬಂದರೆ ಲೆಕ್ಕಕ್ಕೆ ಸರಿ, ಯಾವ ಬಣ್ಣವಾದರೂ ಅಷ್ಟೇ.

ಈಗ ಸೋತ ಹಾಳೆಗಳಿಗೆ ಬರೋಣ. ಒಂದು ಆಟದಲ್ಲಿ ಎದುರಾಳಿ ಇ4 ಆಡಿದ್ದಾಳೆ. ಅದಕ್ಕೂ ಈ ಡಿಫೆನ್ಸಿಗೂ ಸಂಬಂಧವೇ ಇಲ್ಲ! ಅದನ್ನು ಪಕ್ಕಕ್ಕಿಡಿ. ಇನ್ನೊಂದರಲ್ಲಿ 15ನೇ ನಡೆಗೆ ಅವಳ ಗಡಿಯಾರದಲ್ಲಿ 31 ನಿಮಿಷ ಉಳಿದಿದೆ. ಶುರುವಾಗಿದ್ದು 90ರಿಂದ, ಜೊತೆಗೆ ಪ್ರತಿ ನಡೆಗೆ 30 ಸೆಕೆಂಡ್ ಸೇರುತ್ತಾ ಬಂದಿದೆ. ಪರಿಚಿತ ನಡೆಗಳನ್ನೇ ಇಷ್ಟು ನಿಧಾನ ಆಡಿದರೆ ಕೊನೆಗೆ ಕುದುರೆಯನ್ನು ಸುಮ್ನೆ ಕೊಡುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಮೂರನೆಯದರಲ್ಲಿ ಜಿ5ಕ್ಕೆ ಬಂದ ಬಿಳಿ ಒಂಟೆಯನ್ನು ಕಂಡು ಗಾಬರಿಯಾಗಿ ಎಚ್6, ಜಿ5 ಅಂತ ತನ್ನ ರಾಜನ ಮುಂದಿನ ಬೇಲಿಯನ್ನು ತಾನೇ ಕಿತ್ತಿದ್ದಾಳೆ. ನಾಲ್ಕನೆಯದರಲ್ಲಿ ಡ್ರಾ ಆಗಬೇಕಿದ್ದ ಆನೆಗಳ ಕೊನೆಯಾಟ ಕೈತಪ್ಪಿದೆ. ನಿಜವಾಗಿ ಈ ಓಪನಿಂಗಿನಿಂದಲೇ ಶುರುವಾದ ಸೋಲು ಒಂದೇ: ಬಿಳಿ ಡಿ5ರಲ್ಲಿ ಪಾನ್ ಬದಲಾಯಿಸಿ, ಆಮೇಲೆ ಬಿ4, ಬಿ5 ಅಂತ ನುಗ್ಗಿ ಸಿ6 ಪಾನ್ ಮುರಿದ ಆಟ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಆದರೆ ಅದೊಂದನ್ನು ಬಿಟ್ಟು ಉಳಿದ ಮೂರು ಡಿ4 ಆಟಗಳಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಮೂರರಲ್ಲೂ ಸಿ8ರ ಒಂಟೆ 20ನೇ ನಡೆಯಾದರೂ ಮನೆ ಬಿಟ್ಟು ಹೊರಬಂದಿಲ್ಲ. ಗೆದ್ದ ಆಟದಲ್ಲಿ ಮಾತ್ರ ಅದು ಹತ್ತನೇ ನಡೆಗೇ ಬಿ7ಕ್ಕೆ ಬಂದು ಕೂತಿದೆ.

ಈ ಡಿಫೆನ್ಸಿನ ನಿಜವಾದ ದೋಷ ಇದೇ. ಇ6 ಆಡಿದ ಕ್ಷಣ ನಮ್ಮದೇ ಪಾನ್ ನಮ್ಮದೇ ಒಂಟೆಯ ದಾರಿಗೆ ಅಡ್ಡ ಬರುತ್ತದೆ. ಗೋಡೆ ಗಟ್ಟಿ, ಆದರೆ ಬಾಗಿಲು ಒಳಗಿನಿಂದ ಮುಚ್ಚಿಕೊಂಡಂತೆ. ಆ ಒಂಟೆಗೆ ಯಾವಾಗ ದಾರಿ ಬಿಡುತ್ತೀರಿ ಅನ್ನುವುದರ ಮೇಲೆ ಇಡೀ ಆಟ ನಿಂತಿದೆ. ದಾರಿ ಬಿಡಲು ಒಂದು ನಡೆ ಬೇಕು. ಆ ನಡೆಯನ್ನು ಎಲ್ಲಿಂದ ತರುವುದು? ಬಿಳಿಯ ಕೈಯಿಂದಲೇ.

ಇದಕ್ಕೊಂದು ಹಳೆಯ ಆಟ ತೋರಿಸುತ್ತೇನೆ. ನಾನು ಬೆಳಗಾವಿಯಲ್ಲಿ ಹೊಸ ಮಕ್ಕಳಿಗೆ ಕರಿ ಕಾಯಿ ಹೇಳಿಕೊಡುವಾಗ ಮೊದಲು ಇಡುವುದು ಇದನ್ನೇ. 1907, ಪೋಲೆಂಡಿನ ವೂಜ್ ನಗರ. ಬಿಳಿ ರೋಟ್ಲೆವಿ, ಕರಿ ಅಕಿಬಾ ರುಬಿನ್‌ಸ್ಟೈನ್. ಬೋರ್ಡ್ ಮುಂದಿಟ್ಟುಕೊಂಡು, ಮಗಳನ್ನೂ ಕೂರಿಸಿಕೊಂಡು ಓದಿ. (ನಿಮ್ಮ ಮನೆಯಲ್ಲಿ ಹಿರಿಯರು ರಾಣಿಗೆ ವಜೀರ, ಪಾನ್‌ಗೆ ಪ್ಯಾದೆ ಅನ್ನುತ್ತಿದ್ದರೆ ಹಾಗೇ ಅನ್ನಿ, ಏನೂ ಕೆಡುವುದಿಲ್ಲ.)

ಮೊದಲ ಐದು ನಡೆ: 1. ಡಿ4 – ಡಿ5. 2. ಕುದುರೆ ಎಫ್3 – ಇ6. 3. ಇ3 – ಸಿ5. 4. ಸಿ4 – ಕುದುರೆ ಸಿ6. 5. ಕುದುರೆ ಸಿ3 – ಕುದುರೆ ಎಫ್6. ಇಲ್ಲಿ ನಿಲ್ಲಿಸಿ ನೋಡಿ. ಎರಡೂ ಕಡೆ ಕನ್ನಡಿ ಹಿಡಿದಂತೆ ಒಂದೇ. ಆಡುವ ಸರದಿ ಬಿಳಿಯದು. ಬಿಳಿಗೆ ಹುಟ್ಟಿನಿಂದ ಬಂದ ಒಂದು ನಡೆಯ ಲಾಭ ಅಂದರೆ ಇದೇ.

ಮುಂದೆ: 6. ಬಿಳಿ ಡಿ ಪಾನ್ ಸಿ5ರಲ್ಲಿ ಹೊಡೆಯುತ್ತದೆ, ಕರಿ ಒಂಟೆ ಅದನ್ನು ಹೊಡೆಯುತ್ತದೆ. 7. ಎ3 – ಎ6. 8. ಬಿ4 – ಒಂಟೆ ಡಿ6. 9. ಒಂಟೆ ಬಿ2 – ಕ್ಯಾಸಲಿಂಗ್. 10. ರಾಣಿ ಡಿ2 – ರಾಣಿ ಇ7. 11. ಒಂಟೆ ಡಿ3. ಈಗಷ್ಟೇ ಕರಿ ಡಿ ಪಾನ್ ಸಿ4ರಲ್ಲಿ ಹೊಡೆಯಿತು. 12. ಒಂಟೆ ಅದನ್ನು ಹೊಡೆಯಿತು – ಬಿ5. 13. ಒಂಟೆ ಮತ್ತೆ ಡಿ3ಕ್ಕೆ – ಆನೆ ಡಿ8. 14. ರಾಣಿ ಇ2 – ಒಂಟೆ ಬಿ7. 15. ಬಿಳಿ ಕ್ಯಾಸಲಿಂಗ್.

ಮತ್ತೆ ನಿಲ್ಲಿಸಿ. ಮತ್ತೆ ಕನ್ನಡಿ! ಒಂಟೆಗೆ ಎದುರು ಒಂಟೆ, ರಾಣಿಗೆ ಎದುರು ರಾಣಿ, ಪಾನ್‌ಗೆ ಎದುರು ಪಾನ್. ಒಂದೇ ವ್ಯತ್ಯಾಸ: ಕರಿ ಆನೆ ಆಗಲೇ ಡಿ8ಕ್ಕೆ ಬಂದಿದೆ. ಸಾಲದ್ದಕ್ಕೆ ಈಗ ಆಡುವ ಸರದಿ ಕರಿಯದು. ಹತ್ತು ನಡೆಗಳಲ್ಲಿ ಬಿಳಿಯ ಲಾಭ ಪೂರ್ತಿ ಕರಿಯ ಜೇಬಿಗೆ ಬಂದಿದೆ. ಹೇಗೆ? ಬೆರಳು ಮಡಿಸಿ ಎಣಿಸಿ. ಬಿಳಿ ಒಂಟೆ ಡಿ3, ಸಿ4, ಮತ್ತೆ ಡಿ3 ಅಂತ ಮೂರು ನಡೆ ತಿಂದಿತು. ಕರಿ ಒಂಟೆಗೆ ಸಿ5, ಡಿ6 ಅಂತ ಎರಡೇ. ಬಿಳಿ ರಾಣಿ ಡಿ2, ಇ2 ಅಂತ ಎರಡು. ಕರಿ ರಾಣಿ ಇ7ಕ್ಕೆ ಒಂದೇ ನಡೆಯಲ್ಲಿ. ಅಲ್ಲೊಂದು, ಇಲ್ಲೊಂದು.

ಈ ಎಣಿಕೆಯಲ್ಲಿ ರುಬಿನ್‌ಸ್ಟೈನ್ ಮಾಡಿದ್ದು ಒಂದೇ ಕೆಲಸ. ಸಿ4ರ ಪಾನ್ ಹೊಡೆಯಲು ಬಿಳಿ ಒಂಟೆ ಡಿ3ಕ್ಕೆ ಬರುವವರೆಗೂ ಕಾದರು. ಮೊದಲೇ ಹೊಡೆದಿದ್ದರೆ ಒಂಟೆ ಎಫ್1ರಿಂದ ನೇರ ಸಿ4ಕ್ಕೆ ಬರುತ್ತಿತ್ತು, ಒಂದು ನಡೆ ಉಳಿಸಿಕೊಳ್ಳುತ್ತಿತ್ತು. ಕಾದು ಗಳಿಸಿದ ನಡೆಯಲ್ಲಿ ಬಿ5, ಒಂಟೆ ಬಿ7. ಮನೆಯಲ್ಲಿ ಕೂತಿದ್ದ ಒಂಟೆ ಉದ್ದದ ಓರೆಸಾಲಿನಲ್ಲಿ ಬಿಳಿ ರಾಜನ ಕಡೆ ನೋಡುತ್ತಾ ನಿಂತಿತು.

ಉಳಿದದ್ದನ್ನು ಆಡಿ ಆನಂದಪಡಿ. 15ನೇ ನಡೆ ಕರಿ ಕುದುರೆ ಇ5. 16. ಕುದುರೆ ಹೊಡೆತ, ಒಂಟೆ ಹೊಡೆತ. 17. ಎಫ್4 – ಒಂಟೆ ಸಿ7. 18. ಇ4 – ಎ ಕಡೆಯ ಆನೆ ಸಿ8. 19. ಇ5 – ಒಂಟೆ ಬಿ6, ಚೆಕ್. 20. ರಾಜ ಎಚ್1 – ಕುದುರೆ ಜಿ4. 21. ಒಂಟೆ ಇ4 – ರಾಣಿ ಎಚ್4. 22. ಜಿ3. ಬಿಳಿ ಪಾನ್ ರಾಣಿಯ ಮೇಲೆಯೇ ಕೈ ಹಾಕಿದೆ. ರುಬಿನ್‌ಸ್ಟೈನ್ ರಾಣಿಯ ಕಡೆ ತಿರುಗಿಯೂ ನೋಡಲಿಲ್ಲ. ಆನೆಯಿಂದ ಸಿ3ರ ಕುದುರೆ ಹೊಡೆದರು. 23. ಬಿಳಿ ರಾಣಿಯನ್ನು ತಿಂದ – ಎರಡನೇ ಆನೆ ಡಿ2ಕ್ಕೆ, ನೇರ ಬಿಳಿ ರಾಣಿಯ ಬಾಯಿಗೆ. 24. ರಾಣಿ ಆನೆಯನ್ನು ಹೊಡೆಯಿತು – ಬಿ7ರ ಒಂಟೆ ಇ4ರಲ್ಲಿ ಹೊಡೆದು ಚೆಕ್. 25. ರಾಣಿ ಜಿ2ಕ್ಕೆ ಅಡ್ಡ ಬಂತು – ಆನೆ ಎಚ್3. ಎಚ್2ರಲ್ಲಿ ಮೇಟ್ ತಪ್ಪಿಸಲು ದಾರಿ ಇಲ್ಲ. ರೋಟ್ಲೆವಿ ಆಟ ಬಿಟ್ಟರು. ಕೊನೆಯ ಏಟುಗಳಲ್ಲಿ ಒಂದನ್ನು ಹೊಡೆದದ್ದು ಯಾರು ನೋಡಿದಿರಾ? ಸಿ8ರಲ್ಲಿ ಮುದುಡಿ ಕೂರುತ್ತದೆ ಅಂತ ಎಲ್ಲರೂ ಬಯ್ಯುವ ಆ ಒಂಟೆಯೇ.

ಈಗ ನಿಮ್ಮ ಮಗಳ ವಿಜಯಪುರದ ಹಾಳೆ ತೆಗೆಯಿರಿ. 1. ಡಿ4 – ಡಿ5. 2. ಸಿ4 – ಇ6. 3. ಕುದುರೆ ಸಿ3 – ಕುದುರೆ ಎಫ್6. 4. ಕುದುರೆ ಎಫ್3 – ಒಂಟೆ ಇ7. 5. ಒಂಟೆ ಜಿ5 – ಕ್ಯಾಸಲಿಂಗ್. 6. ಇ3 – ಬಿ ಕಡೆಯ ಕುದುರೆ ಡಿ7. 7. ಒಂಟೆ ಡಿ3. ಆಗ ಅವಳು ಸಿ4ರಲ್ಲಿ ಹೊಡೆದಳು. 8. ಒಂಟೆ ಹೊಡೆತ – ಎ6. 9. ಕ್ಯಾಸಲಿಂಗ್ – ಬಿ5. 10. ಒಂಟೆ ಮತ್ತೆ ಡಿ3 – ಒಂಟೆ ಬಿ7. 11. ರಾಣಿ ಡಿ2 – ಸಿ5. 12. ರಾಣಿ ಇ2. ಬಿಳಿ ಒಂಟೆಗೆ ಮೂರು ನಡೆ, ರಾಣಿಗೆ ಎರಡು. ವೂಜ್‌ನಲ್ಲಿ ಪೋಲಾದ ಅದೇ ನಡೆಗಳು! ಅವಳಿಗೆ ಆ ಆಟ ಗೊತ್ತಿತ್ತೋ ಇಲ್ಲವೋ. ಸರ್ ಹೇಳಿದ್ದರೆ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಇದಾದ ಮೇಲೆ ಅವಳಿಗೆ ಆನೆ ಬಲಿ ಕೊಡುವ ಸಂದರ್ಭ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಡಿ4ರಲ್ಲಿ ಪಾನ್ ಬದಲಾಯಿಸಿದಳು. ಹುಡುಗ ಇ ಪಾನ್‌ನಿಂದ ಹೊಡೆದ. ಈಗ ಡಿ4ರ ಬಿಳಿ ಪಾನ್ ಒಂಟಿ, ಪಕ್ಕದಲ್ಲಿ ಕಾಯಲು ಇನ್ನೊಂದು ಪಾನ್ ಇಲ್ಲ. ಅವಳು ಡಿ7ರ ಕುದುರೆಯನ್ನು ಬಿ6, ಅಲ್ಲಿಂದ ಡಿ5ಕ್ಕೆ ತಂದು ಆ ಪಾನ್‌ನ ಮುಂದೆಯೇ ಕಂಬದ ಹಾಗೆ ನಿಲ್ಲಿಸಿದಳು. ಪಾನ್ ಮುಂದೆ ಹೋಗುವಂತಿಲ್ಲ. ಎರಡು ಜೊತೆ ಕಾಯಿ ಬದಲಾದವು. ಕಾಯಿ ಕಡಿಮೆಯಾದಷ್ಟೂ ಒಂಟಿ ಪಾನ್ ಕಾಯುವುದು ಕಷ್ಟ. 31ನೇ ನಡೆಗೆ ಅದು ಬಿತ್ತು. ಇದೆಲ್ಲ ಪಕ್ಕಾ ಲೆಕ್ಕದ ಆಟ, ಅದೃಷ್ಟದ ಮಾತೇ ಇಲ್ಲ.

ಅದೃಷ್ಟ 36ರಲ್ಲಿ. ಒಂದು ಪಾನ್ ಮೇಲಿದ್ದಾಳೆ, ಆನೆಗಳ ಕೊನೆಯಾಟ. ಎ6 ಪಾನ್ ಹೋದೀತೆಂದು ಹೆದರಿ ಆನೆಯನ್ನು ಹಿಂದಕ್ಕೆ ಎಳೆದುಕೊಂಡಳು. ಹುಡುಗನ ಆನೆಗೆ ಏಳನೇ ಸಾಲು ತೆರೆದುಬಿತ್ತು. ಅಲ್ಲಿಗೆ ಹೊಕ್ಕಿದ್ದರೆ ನನ್ನ ಪ್ರಕಾರ ಆಟ ಡ್ರಾ. ಅವನು ಸುಮ್ನೆ ರಾಜನನ್ನು ಒಂದು ಮನೆ ಸರಿಸಿದ. ಮುಂದಿನ ನಡೆಗೇ ಅವಳ ಆನೆ ಮತ್ತೆ ಹೊರಬಂತು, 58ಕ್ಕೆ ಗೆಲುವು. ಸೋತ ನಾಲ್ಕನೇ ಹಾಳೆಯಲ್ಲೂ ಇದೇ ತಪ್ಪು: ಹೆದರಿ ಆನೆಯನ್ನು ಕಾವಲಿಗೆ ಕೂರಿಸುವುದು. ಅಲ್ಲಿ ಎದುರಾಳಿ ಬಿಡಲಿಲ್ಲ.

'ಮುದುಕರ ಆಟ, ಬರೀ ಡ್ರಾ' ಅನ್ನುವ ಮಾತು ಎಲ್ಲಿಂದ ಬಂತು? ಪೂರ್ತಿ ಸುಳ್ಳಲ್ಲ. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಾಪಾಬ್ಲಾಂಕಾ ಮತ್ತು ಅಲೆಖಿನ್ ವಿಶ್ವ ಪಟ್ಟಕ್ಕೆ 34 ಆಟ ಆಡಿದರು. ಬಹುತೇಕ ಎಲ್ಲವೂ ಈ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್. ಅದರಲ್ಲಿ 25 ಡ್ರಾ. ನೋಡುವವರಿಗೆ ಆಕಳಿಕೆ ಬಂದಿದ್ದರೆ ತಪ್ಪೇನಿಲ್ಲ. ಆದರೆ ಅವರಿಬ್ಬರೂ ಆ ಕಾಲದ ಅತಿ ಬಲಶಾಲಿಗಳು, ಇಬ್ಬರೂ ನಡೆ ಪೋಲು ಮಾಡುವವರಲ್ಲ. ಹಾಗಿದ್ದೂ 21ನೇ ಆಟವನ್ನು ಅಲೆಖಿನ್ ಇದೇ ಡಿಫೆನ್ಸ್ ಆಡಿ ಕರಿಯಲ್ಲಿ ಗೆದ್ದರು. 1500 ರೇಟಿಂಗಿನ ಆಟದಲ್ಲಿ ಯಾರಾದರೊಬ್ಬರು ತಪ್ಪುತ್ತಾರೆ, ಡ್ರಾ ಆಗುವಷ್ಟು ಚೆನ್ನಾಗಿ ಇಬ್ಬರೂ ಆಡುವುದು ಅಪರೂಪ. ನಿಮ್ಮ ಆರು ಹಾಳೆಗಳಲ್ಲಿ ಒಂದಾದರೂ ನೀರಸ ಆಟ ಇದೆಯಾ ಹೇಳಿ!

ಹೊಸ ಕಾಲದ್ದು ಬೇಕಾದರೆ 2013ರ ಜನವರಿ, ವೈಕ್ ಆನ್ ಜೀ ಟೂರ್ನಮೆಂಟು. ಅರೋನಿಯನ್ ಬಿಳಿ, ನಮ್ಮ ಆನಂದ್ ಕರಿ. ಅದು ಸೆಮಿ-ಸ್ಲಾವ್, ಇದರ ದಾಯಾದಿ. ಅಲ್ಲೂ ಬಿಳಿ ಒಂಟೆ ಡಿ3ಕ್ಕೆ ಬಂದ ಮೇಲೆಯೇ ಆನಂದ್ ಸಿ4ರಲ್ಲಿ ಹೊಡೆದರು, ಬಿ5 ಆಡಿದರು, ಒಂಟೆಯನ್ನು ಬಿ7ಕ್ಕೆ ತಂದರು. 23 ನಡೆಯಲ್ಲಿ ಆಟ ಮುಗಿಯಿತು. ಎರಡು ಒಂಟೆ, ಜಿ4ರಲ್ಲಿ ಕುದುರೆ. ರುಬಿನ್‌ಸ್ಟೈನ್ ಆಟ ಬಲ್ಲವರಿಗೆ ತಕ್ಷಣ ಗುರುತು ಸಿಗುತ್ತದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರಲ್ಲ, ಆ 14ನೇ ಆಟದಲ್ಲಿ ಅವರದು ಕರಿ ಕಾಯಿ. ಅದೇ ಪಂದ್ಯದ ಮೊದಲ ಆಟವನ್ನು ಡಿಂಗ್ ಲಿರೆನ್ ಗೆದ್ದದ್ದೂ ಕರಿಯಲ್ಲೇ, ಫ್ರೆಂಚ್ ಡಿಫೆನ್ಸ್ ಆಡಿ. ಮಗಳಿಗೆ ಇದನ್ನು ಹೇಳಿ, ಮುಖ ಸ್ವಲ್ಪ ಅರಳಬಹುದು.

ಇನ್ನು ನಿಮ್ಮ ಮುಂದಿರುವ ದಾರಿಗಳು.

ವಿಡಿಯೋದ ಗ್ಯಾಂಬಿಟ್ ಬೇಡ ಅನ್ನಲು ನನ್ನ ಹತ್ತಿರ ಸರಳ ಕಾರಣ ಇದೆ. ಡಿ4ಗೆ ಇ5 ಆಡುವ ಎಂಗ್ಲುಂಡ್ ಗ್ಯಾಂಬಿಟ್ ತೆಗೆದುಕೊಳ್ಳಿ. ಬಿಳಿ ಪಾನ್ ಹೊಡೆಯುತ್ತಾನೆ. ಕರಿ ರಾಣಿ ಇ7, ಬಿ4, ಬಿ2 ಅಂತ ಓಡಾಡುತ್ತದೆ. ಆರನೇ ನಡೆಯಲ್ಲಿ ಬಿಳಿ ಒಂಟೆಯನ್ನು ಸಿ3ಕ್ಕೆ ತಂದರೆ ಎಂಟನೇ ನಡೆಯಲ್ಲಿ ಸಿ1ರಲ್ಲಿ ಮೇಟ್. ಚಪ್ಪಾಳೆ! ಆದರೆ ಅದೇ ಜಾಗದಲ್ಲಿ ಕುದುರೆಯನ್ನು ಸಿ3ಕ್ಕೆ ತಂದರೆ ಕರಿಯ ಕಥೆ ಮುಗಿದಂತೆ. ರಾಣಿ ಹೊರಗೆ ಸಿಕ್ಕಿಬಿದ್ದಿರುತ್ತದೆ, ಬೇರೆ ಕಾಯಿಗಳು ಮನೆಯಲ್ಲೇ. ಮೂರು ನಿಮಿಷದ ಮೊಬೈಲ್ ಆಟದಲ್ಲಿ ನಡೆಯುತ್ತದೆ. ಒಂದೂವರೆ ಗಂಟೆ ಗಡಿಯಾರ ಇರುವ ಆಟದಲ್ಲಿ, ಅದೇ ವಿಡಿಯೋ ನೋಡಿರುವ ಎದುರಾಳಿ ಮುಂದೆ ನಡೆಯುವುದಿಲ್ಲ. ಕೆಟ್ಟದ್ದೇನೆಂದರೆ, ಬಲೆಗೆ ಬೀಳುವವರನ್ನು ಕಾಯುವ ಮಗು ಬೇರೆ ಏನನ್ನೂ ಕಲಿಯುವುದಿಲ್ಲ. ಬಲೆ ಬೇಕೇ ಬೇಕು ಅಂದರೆ ಅವಳ ಡಿಫೆನ್ಸಿನಲ್ಲೇ ಒಂದಿದೆ. ನಾಲ್ಕನೇ ನಡೆಗೆ ಬಿಳಿ ಒಂಟೆ ಜಿ5ಕ್ಕೆ ಬಂದಾಗ, ಒಂಟೆ ಇ7ರ ಬದಲು ಕುದುರೆ ಡಿ7 ಆಡಿದರೆ ಬಿಳಿಗೆ ಡಿ5ರಲ್ಲಿ ಪಾನ್ ಬಿಟ್ಟಿ ಸಿಕ್ಕಂತೆ ಕಾಣುತ್ತದೆ. ಪಾನ್ ಬದಲಾಯಿಸಿ, ಆರನೇ ನಡೆಗೆ ಕುದುರೆಯಿಂದ ಡಿ5 ತಿಂದರೆ, ಕರಿ ಕುದುರೆಯೂ ತಿನ್ನುತ್ತದೆ. ಬಿಳಿ ಒಂಟೆ ರಾಣಿಯನ್ನು ತಿನ್ನುತ್ತದೆ. ಆಗ ಒಂಟೆ ಬಿ4, ಚೆಕ್! ಬಿಳಿ ರಾಣಿಯನ್ನು ಅಡ್ಡ ತರಲೇಬೇಕು. ಲೆಕ್ಕ ಮುಗಿದಾಗ ಕರಿಗೆ ಒಂದು ಕಾಯಿ ಲಾಭ. ಇದಕ್ಕೆ ಎಲಿಫೆಂಟ್ ಟ್ರ್ಯಾಪ್ ಅನ್ನುತ್ತಾರೆ, ನಮ್ಮ ಆನೆಗೂ ಅದಕ್ಕೂ ಸಂಬಂಧ ಇಲ್ಲ. ಇದರ ವಿಶೇಷ ಅಂದರೆ, ಎದುರಾಳಿ ಬಲೆಗೆ ಬೀಳದಿದ್ದರೂ ಕರಿ ಆಟ ಕೆಡುವುದಿಲ್ಲ.

ಕಿಂಗ್ಸ್ ಇಂಡಿಯನ್ ಕಲಿಸಿದರೆ ಹೇಗೆ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಳ್ಳೆಯ ಡಿಫೆನ್ಸೇ. ನಡುಮನೆಯನ್ನು ಬಿಳಿಗೆ ಬಿಟ್ಟುಕೊಟ್ಟು, ಆಮೇಲೆ ರಾಜನ ಕಡೆಯಿಂದ ನುಗ್ಗುವ ಆಟ. ಕಲಿತು ಕೈಗೆ ಹತ್ತಲು ನನ್ನ ಅನುಭವದಲ್ಲಿ ಒಂದು ವರ್ಷ. ಆ ವರ್ಷ ರೇಟಿಂಗ್ ಇಳಿಯುತ್ತದೆ ಅಂತಲೇ ತಿಳಿಯಿರಿ. ಇಕ್ಕಟ್ಟಿನ ಜಾಗದಲ್ಲಿ ಹೆದರಿ ಆನೆ ಹಿಂದೆಳೆಯುವ ಮಗುವಿಗೆ ಇನ್ನೂ ಇಕ್ಕಟ್ಟಿನ ಆಟ ಕೊಡಲು ನನಗೆ ಮನಸ್ಸಿಲ್ಲ. ಎರಡು ವರ್ಷ ಬಿಟ್ಟು ಅವಳೇ ಕೇಳಿದರೆ ಬೇರೆ ಮಾತು.

ಇರುವುದನ್ನೇ ಇಟ್ಟುಕೊಂಡರೂ ಅಪಾಯ ಇದೆ. ಮೊದಲನೆಯದು, ಆ ಬಿ4–ಬಿ5 ದಾಳಿ. ಡಿ5ರಲ್ಲಿ ಪಾನ್ ಬದಲಾದ ಕೂಡಲೇ ಎ, ಬಿ, ಸಿ ಸಾಲುಗಳಲ್ಲಿ ನಮಗೆ ಮೂರು ಪಾನ್, ಬಿಳಿಗೆ ಎರಡು. ಆ ಎರಡನ್ನು ನುಗ್ಗಿಸಿ ನಮ್ಮ ಮೂರರ ಸಾಲು ಒಡೆಯುವುದು ಅವನ ಲೆಕ್ಕ. ನಿಮ್ಮ ಮಗಳು ಆ ಕಡೆಯೇ ಕೂತು ಕಾಯುತ್ತಾ ಸೋತಳು. ಅಲ್ಲಿ ಕಾಯುವುದಷ್ಟೇ ಸಾಲದು. ಇ ಸಾಲು ನಮ್ಮ ಕಡೆಯಿಂದ ತೆರೆದಿರುತ್ತದೆ, ಕುದುರೆಯನ್ನು ಇ4ಕ್ಕೆ ತಂದು ರಾಜನ ಕಡೆ ಹೋಗಬೇಕು. ಸಂತೋಷದ ವಿಷಯ ಅಂದರೆ ಪಾನ್ ಇ6 ಬಿಟ್ಟು ಡಿ5ಕ್ಕೆ ಹೋಗಿರುವುದರಿಂದ ಸಿ8ರ ಒಂಟೆಗೆ ದಾರಿ ತಾನಾಗಿ ತೆರೆದಿರುತ್ತದೆ. ಎರಡನೆಯ ಅಪಾಯ, ಬಿಳಿ ಎಚ್ಚರ ಇದ್ದು ಒಂಟೆಯನ್ನು ಡಿ3ಕ್ಕೆ ತರದೆ ಕಾಯುವುದು. ಆನೆ ಸಿ1, ರಾಣಿ ಸಿ2 ಅಂತ ಆಡುತ್ತಾನೆ. ನಾವೂ ಕಾಯುತ್ತೇವೆ. ಯಾರು ಮೊದಲು ತಾಳ್ಮೆ ಕಳೆದುಕೊಳ್ಳುತ್ತಾರೆ ಅನ್ನುವ ಜಗ್ಗಾಟ. ಸೋತ ಮೂರನೇ ಹಾಳೆಯಲ್ಲಿ ಅವಳು ನಾಲ್ಕನೇ ನಡೆಗೇ ಸಿ4ರಲ್ಲಿ ಹೊಡೆದು ನಡೆಯನ್ನು ಪುಕ್ಕಟೆ ಕೊಟ್ಟಿದ್ದಾಳೆ. ಬಿ5 ಆಡಲು ಜಾಗ ಸಿಗದಿದ್ದರೆ ಇನ್ನೊಂದು ದಾರಿ ಕಾಪಾಬ್ಲಾಂಕಾ ಅವರದು: ಸಿ4ರಲ್ಲಿ ಹೊಡೆದ ಮೇಲೆ ಕುದುರೆ ಡಿ5, ಒಂಟೆ–ಒಂಟೆ, ಕುದುರೆ–ಕುದುರೆ ಬದಲಾವಣೆ, ಆಮೇಲೆ ಇ5 ತಳ್ಳಿ ಸಿ8ಕ್ಕೆ ಗಾಳಿ ಬಿಡುವುದು. ಇದನ್ನು ಸರ್ ಹೇಳಿಕೊಡಲಿ, ಒಂದು ಭಾನುವಾರ ಸಾಕು.

ಮೂರನೆಯದು ಕೊನೆಯಾಟ. ಈ ಡಿಫೆನ್ಸಿನಲ್ಲಿ ಗೆಲುವು 20ನೇ ನಡೆಗೆ ಬರುವುದು ಕಡಿಮೆ, ಕೊನೆಯಾಟದವರೆಗೂ ಕಾಯಬೇಕಾಗುವುದೇ ಜಾಸ್ತಿ. ಹಾಗಾಗಿ ಓಪನಿಂಗ್ ವಿಡಿಯೋ ನೋಡುವ ಸಮಯದಲ್ಲಿ ಅರ್ಧವನ್ನು ಆನೆಗಳ ಕೊನೆಯಾಟಕ್ಕೆ ಕೊಡಿ. ನಿಮ್ಮಿಂದ ಸಾಂಗ್ಲಿ ಅಷ್ಟೇನೂ ದೂರ ಅಲ್ಲ. ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆಗಿದ್ದ ಭಾಗ್ಯಶ್ರೀ ಠಿಪ್ಸೆಯವರ ಊರು ಅದು. ಅಲ್ಲಿನ ಟೂರ್ನಮೆಂಟುಗಳಲ್ಲಿ ಹಿರಿಯರ ಜೊತೆ ಆಡಿಸಿ. ಅವರು ಬೇಗ ಸೋಲುವುದಿಲ್ಲ, ಬೇಗ ಗೆಲ್ಲಲೂ ಹೋಗುವುದಿಲ್ಲ. ಕೊನೆಯಾಟ ಕಲಿಯಲು ಅದಕ್ಕಿಂತ ಒಳ್ಳೆ ಶಾಲೆ ಇಲ್ಲ.

ಒಂದು ಮಾತು ನಿಮಗೆ. ಬೇಸಿಗೆಯಲ್ಲಿ ಈ ಕಡೆಯ ಟೂರ್ನಮೆಂಟು ಅಂದರೆ ಗೊತ್ತಲ್ಲ. ಹಾಲ್‌ನಲ್ಲಿ ಫ್ಯಾನ್ ಗಾಳಿಗೆ ಹಾಳೆ ಹಾರದಂತೆ ಮಕ್ಕಳು ಹೊಡೆದ ಕಾಯಿಗಳನ್ನು ಅದರ ಮೇಲೆ ಇಟ್ಟಿರುತ್ತಾರೆ. ಹೊರಗೆ ಬೇವಿನ ನೆರಳಲ್ಲಿ ಪಾಲಕರು ಚುರುಮುರಿ ಪೊಟ್ಟಣ ಹಿಡಿದು ನಿಂತಿರುತ್ತಾರೆ. ಮಗು ಬಾಗಿಲಿಗೆ ಬಂದ ಕೂಡಲೇ ಮೊದಲ ಪ್ರಶ್ನೆ, "ಏನಾತು?" ಎರಡನೆಯದು, "ಮುಂದಿನದು ಯಾವ ಕಾಯಿ?" ಕರಿ ಅಂದರೆ ಅಪ್ಪನ ಮುಖ ಮೊದಲು ಬಾಡುತ್ತದೆ. ಮಗು ಅದನ್ನು ನೋಡಿಕೊಂಡೇ ಒಳಗೆ ಹೋಗುತ್ತದೆ. ಪೇರಿಂಗ್ ನೋಡುವ ಕೆಲಸವನ್ನು ಇನ್ನು ಮುಂದೆ ಅವಳಿಗೇ ಬಿಡಿ.

ಈ ವಾರ ಅವಳಿಗೆ ನನ್ನ ಕಡೆಯಿಂದ ಒಂದೇ ಮನೆಗೆಲಸ. ವಿಜಯಪುರದ ಆಟವನ್ನು 36ನೇ ನಡೆಯ ಸ್ಥಿತಿಗೆ ಇಟ್ಟು ಸರ್ ಜೊತೆ ಮತ್ತೆ ಆಡಲಿ. ಆನೆಯನ್ನು ಹಿಂದಕ್ಕೆ ಎಳೆದಾಗಿದೆ, ಏಳನೇ ಸಾಲು ತೆರೆದಿದೆ. ಈ ಸಲ ಬಿಳಿ ಕಡೆ ಕೂರುವುದು ಅವಳು. ಆ ಹುಡುಗ ಬಿಟ್ಟ ಡ್ರಾವನ್ನು ಅವಳು ಹುಡುಕಲಿ. ಸಿಕ್ಕರೆ ಆ ಹಾಳೆಯನ್ನೂ ಕಳಿಸಿ. ಸಿ ಮತ್ತು ಇ ಬಿಡಿಸಿ ಬರೆದದ್ದು.